ಒಂದಗುಳು ಸಾಲದ ಬಯಲು

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ನೈಋತ್ಯ ದಿಕ್ಕಿಗೆ ಹೊರಟ ರೈಲು ಸರೇ ಪ್ರಾಂತದ ಬ್ರೂಕ್‌ವುಡ್ ಎಂಬ ಚಿಕ್ಕ ಊರಿನಲ್ಲಿ ನಿಂತಾಗ, ಅಲ್ಲಿ ಇಳಿದ ಪ್ರಯಾಣಿಕನಿಗೆ ಎರಡು ಲೋಕಗಳ ನಡುವೆ ನಿಂತಂತೆ ಭಾಸವಾಗುತ್ತದೆ. ಒಂದು ಕಡೆ, ಲಂಡನ್ ಮಹಾನಗರದ ಮೃತರಿಗಾಗಿ 1854ರಲ್ಲಿ ತೆರೆದ ವಿಶಾಲವಾದ ಶ್ಮಶಾನ. ಎತ್ತರದ ಮರಗಳ ನೆರಳಿನಲ್ಲಿ ಸಾಲು ಸಾಲಾಗಿ ಮಲಗಿರುವ ಸಮಾಧಿಗಳು, ಅವುಗಳ ಮೇಲೆ ಕವಿದ ನಿಶ್ಶಬ್ದ. ಇನ್ನೊಂದು ಕಡೆಯಿಂದ, ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ, ದೂರದಿಂದ ಬಿಟ್ಟು ಬಿಟ್ಟು ಕೇಳಿಬರುವ ಚಟಚಟ ಶಬ್ದ. ಆ ಶಬ್ದದ ಜಾಡು ಹಿಡಿದು ಹೋದರೆ ಸಿಗುವುದೇ ಬಿಸ್ಲಿ. ಕೋವಿಯ ಗುರಿಗಾರಿಕೆಯಲ್ಲಿ ಆಸಕ್ತಿಯುಳ್ಳವರಿಗೆ ಅದೊಂದು ಯಾತ್ರಾಸ್ಥಳ.

1890ರಿಂದ 1952ರವರೆಗೆ ಬ್ರೂಕ್‌ವುಡ್ಡಿನಿಂದ ಬಿಸ್ಲಿಗೆ ಪುಟ್ಟದೊಂದು ರೈಲುಬಂಡಿ ಪ್ರಯಾಣಿಕರನ್ನು ಕರೆದೊಯ್ಯುತ್ತಿತ್ತು. ಈಗ ಆ ಬಂಡಿಯಿಲ್ಲ. ಅದರ ಹಳೆಯ ನಿಲ್ದಾಣದ ಕಟ್ಟಡವು ಮಾತ್ರ ನೆನಪಿನಂತೆ ಉಳಿದಿದೆ. ಬೆಂಗಳೂರಿನ ದಂಡಿನ ಪ್ರದೇಶದ ಹಳೆಯ ಬಂಗಲೆಗಳನ್ನು ಕಂಡವರಿಗೆ ಬಿಸ್ಲಿಯ ಶಿಬಿರವು ಅಷ್ಟೇನೂ ಅಪರಿಚಿತವೆನಿಸದು. ಮರದ ಕಂಬಗಳ ಮೇಲೆ ನಿಂತ ಅಗಲವಾದ ಜಗಲಿಗಳು, ಇಳಿಜಾರಾದ ಮಾಡು, ಜಗಲಿಯ ಮೇಲೆ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಚಹಾ ಕುಡಿಯುತ್ತ ಕುಳಿತ ಹಿರಿಯರು. ಇವುಗಳಲ್ಲಿ ಕೆಲವು ಕಟ್ಟಡಗಳು ಇಲ್ಲಿಯೇ ಹುಟ್ಟಿದವಲ್ಲ. ರಾಷ್ಟ್ರೀಯ ರೈಫಲ್ ಸಂಘವು ತನ್ನ ಮೊದಲ ಮೂವತ್ತು ವರ್ಷ ಲಂಡನ್ನಿಗೆ ಹತ್ತಿರದ ವಿಂಬಲ್ಡನ್ ಬಯಲಿನಲ್ಲಿ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಊರು ಬೆಳೆದು ಬಯಲಿನ ಸುತ್ತ ಮನೆಗಳೆದ್ದಾಗ, 1890ರಲ್ಲಿ ಅದು ಬಿಸ್ಲಿಗೆ ಬಂದು ನೆಲಸಿತು. ಬರುವಾಗ ಕೆಲವು ಕಟ್ಟಡಗಳನ್ನೂ ಕಳಚಿ ತಂದಿತು.

ಜುಲೈ ತಿಂಗಳಿನ ಮಹಾಸಮ್ಮೇಳನದ ಕಾಲಕ್ಕೆ ಈ ಶಿಬಿರಕ್ಕೆ ಜಾತ್ರೆಯ ಕಳೆ ಬರುತ್ತದೆ. ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕ ಮುಂತಾದ ದೇಶಗಳಿಂದ ಗುರಿಕಾರರು ಬಂದಿಳಿಯುತ್ತಾರೆ. ಶಿಬಿರದ ಮುಂದೆ ಹರಡಿಕೊಂಡಿರುವ 'ಸೆಂಚುರಿ' ಎಂಬ ಬಯಲಿನಲ್ಲಿ ನೂರಕ್ಕೂ ಹೆಚ್ಚು ಗುರಿಹಲಗೆಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅಲ್ಲಿ 600 ಗಜಗಳವರೆಗೆ ಗುಂಡು ಹಾರಿಸಬಹುದು. ಅದಕ್ಕಿಂತಲೂ ದೂರದ ಗುರಿಗೆ 'ಸ್ಟಿಕಲ್‌ಡೌನ್' ಎಂಬ ಮತ್ತೊಂದು ಬಯಲು. ಅಲ್ಲಿ ಗುರಿಯು 1200 ಗಜಗಳಷ್ಟು, ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಮೈಲಿಯಷ್ಟು ದೂರಕ್ಕೆ ಸರಿಯುತ್ತದೆ. ಬಯಲಿನುದ್ದಕ್ಕೂ ಎತ್ತರದ ಕಂಬಗಳಲ್ಲಿ ಬಾವುಟಗಳು ಹಾರುತ್ತಿರುತ್ತವೆ. ಅವು ಅಲಂಕಾರಕ್ಕಾಗಿ ಕಟ್ಟಿದವಲ್ಲ. ಗಾಳಿಯು ಎತ್ತಣಿಂದ ಎಷ್ಟು ಬೀಸುತ್ತಿದೆಯೆಂದು ಹೇಳುವ ದೂತರು ಅವು.

ಸ್ಪರ್ಧೆಯ ವಿಧಾನವು ನೋಡುವುದಕ್ಕೆ ಸೊಗಸಾಗಿದೆ. ಗುರಿಕಾರನು ಹುಲ್ಲಿನ ಮೇಲೆ ಬೋರಲಾಗಿ ಮಲಗಿ, ಎಡತೋಳಿಗೆ ಸುತ್ತಿದ ಚರ್ಮದ ಪಟ್ಟಿಯಿಂದ ಕೋವಿಯನ್ನು ಬಿಗಿಹಿಡಿದು, ಉಸಿರು ತಡೆದು ಕುದುರೆಯನ್ನು ಮೆಲ್ಲನೆ ಎಳೆಯುತ್ತಾನೆ. ದೂರದಲ್ಲಿ ಮಣ್ಣಿನ ದಿಬ್ಬದ ಬುಡದಲ್ಲಿ ಆಳವಾದ ಕಂದಕವಿದೆ. ಗುಂಡು ತಗುಲಿದೊಡನೆ ಕಂದಕದಲ್ಲಿ ಸುರಕ್ಷಿತವಾಗಿ ನಿಂತ ಆಳುಗಳು ಗುರಿಹಲಗೆಯನ್ನು ಕೆಳಕ್ಕೆ ಎಳೆದುಕೊಂಡು, ಗುಂಡು ತೂರಿದ ರಂಧ್ರಕ್ಕೆ ಎದ್ದು ಕಾಣುವ ಬಿಲ್ಲೆಯೊಂದನ್ನು ಸಿಕ್ಕಿಸಿ, ಹಿಂದಿನ ರಂಧ್ರಕ್ಕೆ ಕಾಗದದ ತೇಪೆ ಅಂಟಿಸಿ ಮತ್ತೆ ಮೇಲೆತ್ತುತ್ತಾರೆ. ಈಚಿನ ವರ್ಷಗಳಲ್ಲಿ ಕೆಲವು ಗುರಿಗಳಲ್ಲಿ ವಿದ್ಯುತ್ ಉಪಕರಣಗಳೇ ಈ ಕೆಲಸವನ್ನು ಮಾಡುತ್ತವೆ. ಅಂಕಗಳನ್ನು ಬರೆದುಕೊಳ್ಳುವವನು ಸಂಘದ ಗುಮಾಸ್ತನಲ್ಲ. ಪಕ್ಕದಲ್ಲಿಯೇ ಮಲಗಿ ಸರದಿಗಾಗಿ ಕಾಯುತ್ತಿರುವ ಎದುರಾಳಿ! ಒಬ್ಬನ ಅಂಕವನ್ನು ಇನ್ನೊಬ್ಬನು ಗಟ್ಟಿಯಾಗಿ ಕೂಗಿ ಬರೆಯುತ್ತಾನೆ. ಪ್ರಾಮಾಣಿಕತೆಯು ಈ ಆಟದ ಅಡಿಪಾಯವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಬೇರೆಯವನ ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆಯುವುದು ಸುಲಭ. ತನ್ನ ಲೆಕ್ಕವನ್ನು ತಾನು ಪ್ರಾಮಾಣಿಕವಾಗಿ ಓದಿಕೊಳ್ಳುವುದು ಕಷ್ಟ. ಕೋವಿಯ ಗುರಿಕಾರರು ಸೇರುವಲ್ಲೆಲ್ಲ ಕಾಣುವ ಒಂದು ದೃಶ್ಯವಿದೆ. ಹೊಸದಾಗಿ ಕೋವಿ ಕೊಂಡ ತರುಣನು ಕೈಚೀಲದಿಂದ ಚಿಕ್ಕದೊಂದು ಕಾಗದದ ಚೂರನ್ನು ಹೊರತೆಗೆದು ಹಿರಿಯರ ಮುಂದೆ ಹಿಡಿಯುತ್ತಾನೆ. ಅದರಲ್ಲಿ ಮೂರು ರಂಧ್ರಗಳು, ಒಂದಕ್ಕೊಂದು ತಗುಲಿಕೊಂಡು, ಬಿಲ್ವಪತ್ರೆಯ ಮೂರು ದಳಗಳಂತೆ ಕೂಡಿವೆ. "ನೋಡಿ, ನೂರು ಗಜದಲ್ಲಿ ಅರ್ಧ ಅಂಗುಲ!" ಎಂದು ತರುಣನ ಮುಖ ಅರಳುತ್ತದೆ. ಹಿರಿಯರು ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿ, ಮುಗುಳ್ನಕ್ಕು, ಒಂದೇ ಪ್ರಶ್ನೆ ಕೇಳುತ್ತಾರೆ: "ಬಹಳ ಚೆನ್ನಾಗಿದೆ. ಉಳಿದ ಕಾಗದಗಳೆಲ್ಲಿ?"

ಆ ಪ್ರಶ್ನೆಯಲ್ಲಿಯೇ ಈ ವಿದ್ಯೆಯ ಸಾರವೆಲ್ಲ ಅಡಗಿದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿ ನೋಡಿದರೆ ಸಾಕೆಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಒಂದೇ ಪಾತ್ರೆಯಲ್ಲಿ ಒಂದೇ ಉರಿಯಲ್ಲಿ ಬೆಂದ ಅಗುಳುಗಳು ಒಂದೇ ಹದದಲ್ಲಿರುತ್ತವೆ. ಕೋವಿಯ ಗುಂಡುಗಳು ಹಾಗಲ್ಲ. ಕೋವಿಯನ್ನು ಕಬ್ಬಿಣದ ಪೀಠಕ್ಕೆ ಬಿಗಿದು, ಒಂದೇ ಬಿಂದುವಿನತ್ತ ತಿರುಗಿಸಿ, ಹತ್ತು ಬಾರಿ ಹಾರಿಸಿದರೂ ಹತ್ತು ಗುಂಡುಗಳು ಹತ್ತು ಕಡೆ ತಗುಲುತ್ತವೆ. ಮದ್ದಿನ ತೂಕದಲ್ಲಿ ಕೂದಲೆಳೆಯ ವ್ಯತ್ಯಾಸ, ಗುಂಡಿನ ಆಕಾರದಲ್ಲಿ ಕಣ್ಣಿಗೆ ಕಾಣದ ಸೊಟ್ಟು, ನಳಿಗೆಯ ಕಂಪನ, ಅದು ಕಾದ ಬಗೆ, ಇವೆಲ್ಲವೂ ಕೂಡಿ ಪ್ರತಿಯೊಂದು ಗುಂಡನ್ನೂ ಅಷ್ಟಿಷ್ಟು ಅತ್ತಿತ್ತ ಸರಿಸುತ್ತವೆ. ಹೀಗೆ ಚದರಿದ ಗುರುತುಗಳ ಸಮೂಹಕ್ಕೆ ಗುರಿಕಾರರು 'ಗುಂಪು' ಎನ್ನುತ್ತಾರೆ. ಗುಂಪು ಗುರಿಯ ನಡುವಿಗೆ ಬಿದ್ದಿತೋ ಪಕ್ಕಕ್ಕೆ ಬಿದ್ದಿತೋ ಎಂಬುದು ಬೇರೆ ವಿಚಾರ. ಕೋವಿಯ ಮೇಲಿನ ದೃಷ್ಟಿಸಾಧನವನ್ನು ತಿರುಗಿಸಿ ಇಡೀ ಗುಂಪನ್ನು ನಡುವಿಗೆ ತರಬಹುದು. ಆದರೆ ಹರಡಿಕೊಂಡ ಗುಂಪನ್ನು ಯಾವ ತಿರುಪೂ ಚಿಕ್ಕದು ಮಾಡಲಾರದು. ಆದುದರಿಂದ ಕೋವಿಯ ನಿಜವಾದ ಗುಣವು ತಿಳಿಯುವುದು ಗುಂಪಿನ ಹರವಿನಿಂದ.

ಈ ಪಾಠವು ಮಹಾರಾಣಿಯ ಕೈಯಿಂದ ಆರಂಭವಾಯಿತೆನ್ನಬಹುದು. ಆದರೆ ಸ್ವಲ್ಪ ತಲೆಕೆಳಗಾಗಿ. 1860ನೆಯ ಇಸವಿ ಜುಲೈ 2ರಂದು ವಿಂಬಲ್ಡನ್ ಬಯಲಿನಲ್ಲಿ ಸಂಘದ ಪ್ರಥಮ ಸಮ್ಮೇಳನವು ನೆರೆಯಿತು. ಪೀಠವೊಂದಕ್ಕೆ ಬಿಗಿದಿದ್ದ ಕೋವಿಯ ಕುದುರೆಗೆ ರೇಷ್ಮೆಯ ಹುರಿಯನ್ನು ಕಟ್ಟಲಾಗಿತ್ತು. ವಿಕ್ಟೋರಿಯಾ ರಾಣಿಯು ಹುರಿಯನ್ನು ಮೆಲ್ಲನೆ ಎಳೆದಳು. 400 ಗಜಗಳಾಚೆಯ ಗುರಿಯಲ್ಲಿ, ನಟ್ಟನಡುವಿನಿಂದ ಕೇವಲ ಒಂದೂಕಾಲು ಅಂಗುಲ ದೂರದಲ್ಲಿ ಗುಂಡು ತೂರಿತ್ತು. ನೆರೆದ ಜನ ಜಯಘೋಷ ಮಾಡಿದರು. ಒಂದೇ ಗುಂಡು, ಅದೂ ರಾಣಿಯ ಗುಂಡು! ನಮ್ಮ ಕೊಡಗಿನಲ್ಲಿ ಕೈಲುಮುಹೂರ್ತದ ಹಬ್ಬದಂದು ಎತ್ತರದ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದುರುಳಿಸಿದವನಿಗೆ ಸಿಗುವ ಮೆಚ್ಚುಗೆಯೂ ಅಂಥದೇ. ಹಬ್ಬಕ್ಕೆ ಒಂದು ಗುಂಡು ಸಾಕು. ಪರೀಕ್ಷೆಗೆ ಸಾಲದು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಆ ಕೋವಿಯನ್ನು ನಿರ್ಮಿಸಿದ ಜೋಸೆಫ್ ವಿಟ್‌ವರ್ತ್. ಮ್ಯಾಂಚೆಸ್ಟರಿನ ಈ ಯಂತ್ರಶಿಲ್ಪಿಯು ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲನ್ನು ಅಳೆಯಬಲ್ಲ ಉಪಕರಣವನ್ನು ರಚಿಸಿ ಹೆಸರಾದವನು. 1854ರಲ್ಲಿ ಬ್ರಿಟಿಷ್ ಸರಕಾರವು ಸೈನ್ಯದ ಕೋವಿಗಳನ್ನು ತಯಾರಿಸುವ ಯಂತ್ರಗಳ ವಿಷಯದಲ್ಲಿ ಅವನ ನೆರವನ್ನು ಕೋರಿದಾಗ, ಒಳ್ಳೆಯ ಕೋವಿಯೆಂದರೆ ಏನೆಂಬುದನ್ನು ಮೊದಲು ಪ್ರಯೋಗದಿಂದ ಕಂಡುಕೊಳ್ಳಬೇಕೆಂದು ಅವನು ಹಟ ಹಿಡಿದನು. ಮ್ಯಾಂಚೆಸ್ಟರಿನ ಫಾಲೋಫೀಲ್ಡಿನಲ್ಲಿ ಅವನ ಮನೆಯ ಬಳಿ 500 ಗಜಗಳಷ್ಟು ಉದ್ದದ, ಮೇಲೆ ಮಾಡು ಹೊದೆಸಿದ ಸುರಂಗದಂಥ ಚಾವಡಿಯೊಂದನ್ನು ಸರಕಾರದ ಖರ್ಚಿನಲ್ಲಿ ಕಟ್ಟಲಾಯಿತು. ಕಟ್ಟಿದ ಸ್ವಲ್ಪ ದಿನಗಳಲ್ಲಿಯೇ ಬಿರುಗಾಳಿಗೆ ಅದು ಕುಸಿದುಬಿತ್ತು, ಮತ್ತೆ ಎಬ್ಬಿಸಿದರು. ಗಾಳಿಯ ಉಪದ್ರವವಿಲ್ಲದ ಆ ಚಾವಡಿಯೊಳಗೆ ಅಲ್ಲಲ್ಲಿ ತೆಳುವಾದ ಕಾಗದದ ಪರದೆಗಳನ್ನು ಇಳಿಬಿಟ್ಟು, ಗುಂಡು ತೂರಿಹೋದ ಗುರುತುಗಳಿಂದ ಅದರ ಹಾದಿಯನ್ನೇ ವಿಟ್‌ವರ್ತನು ಓದಿಕೊಂಡನು. ಕೊನೆಗೆ ಆರು ಮೂಲೆಯ ಒಳಮೈಯುಳ್ಳ ಕಿರಿದಾದ ನಳಿಗೆಯ ಕೋವಿಯೊಂದು ರೂಪುಗೊಂಡಿತು.

1857ರಲ್ಲಿ ಹೈಥ್ ಎಂಬಲ್ಲಿದ್ದ ಸೈನ್ಯದ ಬಂದೂಕು ಶಾಲೆಯಲ್ಲಿ ಈ ಕೋವಿಗೂ ಸೈನ್ಯವು ಬಳಸುತ್ತಿದ್ದ ಎನ್‌ಫೀಲ್ಡ್ ಕೋವಿಗೂ ಸ್ಪರ್ಧೆ ಏರ್ಪಟ್ಟಿತು. ಎನ್‌ಫೀಲ್ಡ್ ಎಂದೊಡನೆ ಭಾರತೀಯರಿಗೆ ನೆನಪಾಗುವುದು ಅದೇ ವರ್ಷ ಉತ್ತರ ಹಿಂದೂಸ್ಥಾನದ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬು ಸವರಿದ ತೋಟಾಗಳು. ಒಂದೇ ಕೋವಿಯು ಅಲ್ಲಿ ಸಾಮ್ರಾಜ್ಯವನ್ನು ನಡುಗಿಸುತ್ತಿದ್ದಾಗ ಇಲ್ಲಿ ಅಳತೆಪಟ್ಟಿಯ ಮುಂದೆ ಪರೀಕ್ಷೆಗೆ ನಿಂತಿತ್ತು! ಪರೀಕ್ಷಕರು ಹುಡುಕಿದ್ದು ಅತ್ಯುತ್ತಮವಾದ ಗುಂಡನ್ನಲ್ಲ, ಎಲ್ಲ ಗುಂಡುಗಳ ಸರಾಸರಿ ವಿಚಲನೆಯನ್ನು. 500 ಗಜದಲ್ಲಿ ವಿಟ್‌ವರ್ತ್ ಕೋವಿಯ ಸರಾಸರಿ ವಿಚಲನೆ 0.37 ಅಡಿ, ಎಂದರೆ ನಾಲ್ಕೂವರೆ ಅಂಗುಲಕ್ಕಿಂತ ಕಡಿಮೆ, ಎನ್‌ಫೀಲ್ಡಿನದು 2.24 ಅಡಿ, ಸುಮಾರು 27 ಅಂಗುಲ. ಇಂತಹ ಅಂತರದ ಮುಂದೆ ವಾದಕ್ಕೆ ಎಡೆಯಿರಲಿಲ್ಲ. ಆದರೂ ಸೈನ್ಯವು ವಿಟ್‌ವರ್ತ್ ಕೋವಿಯನ್ನು ಸ್ವೀಕರಿಸಲಿಲ್ಲ. ಅದರ ಬೆಲೆ ಹೆಚ್ಚು. ಕಿರಿದಾದ ನಳಿಗೆಯಲ್ಲಿ ಮದ್ದಿನ ಮಸಿ ಬೇಗನೆ ಕಟ್ಟಿಕೊಳ್ಳುತ್ತಿತ್ತು. ರಣರಂಗದಲ್ಲಿ ನಿಂತ ಸಿಪಾಯಿಗೆ ಚಿಕ್ಕ ಗುಂಪಿನಷ್ಟೇ ಮುಖ್ಯವಾದುದು, ಮುಂದಿನ ಗುಂಡು ಸಲೀಸಾಗಿ ನಳಿಗೆಯೊಳಕ್ಕೆ ಇಳಿಯುವುದು. ಅಳತೆಯು ಕೇಳಿದ ಪ್ರಶ್ನೆಗೆ ಉತ್ತರವನ್ನು ಕೊಡುತ್ತದೆ. ಕೇಳದ ಪ್ರಶ್ನೆಗೆ ಕೊಡುವುದಿಲ್ಲ.

ಸರಾಸರಿ ವಿಚಲನೆಯನ್ನು ಕಂಡುಹಿಡಿಯುವ ವಿಧಾನವು ಶಾಲೆಯ ಮಕ್ಕಳಿಗೂ ನಿಲುಕುವಂಥದು. ಗುರಿಕಾಗದದ ಎಡಗಡೆ ಒಂದು ನಿಲುಗೆರೆ, ತಳದಲ್ಲಿ ಒಂದು ಅಡ್ಡಗೆರೆ ಎಳೆದುಕೊಳ್ಳಬೇಕು. ಐದು ಗುಂಡುಗಳು ನಿಲುಗೆರೆಯಿಂದ 2, 3, 3, 4 ಮತ್ತು 8 ಅಂಗುಲ ದೂರದಲ್ಲಿವೆಯೆನ್ನೋಣ. ಕೂಡಿಸಿದರೆ 20; ಐದರಿಂದ ಭಾಗಿಸಿದರೆ 4. ಅದೇ ಕ್ರಮದಲ್ಲಿ ಅಡ್ಡಗೆರೆಯಿಂದ ಮೇಲಕ್ಕೆ 3, 5, 2, 6 ಮತ್ತು 4 ಅಂಗುಲ. ಇದರ ಸರಾಸರಿಯೂ 4. ಎರಡು ನಾಲ್ಕುಗಳು ಸಂಧಿಸುವ ಬಿಂದುವೇ ಗುಂಪಿನ ನಡು. ಆ ನಡುವಿನಿಂದ ಪ್ರತಿಯೊಂದು ರಂಧ್ರಕ್ಕೂ ಇರುವ ದೂರವನ್ನು ಅಳೆದು ಸರಾಸರಿ ತೆಗೆದರೆ ಸುಮಾರು 2.4 ಅಂಗುಲ ಬರುತ್ತದೆ. ಇದೇ ಸರಾಸರಿ ವಿಚಲನೆ. ಐದು ಗುಂಡುಗಳೂ ಈ ಲೆಕ್ಕದಲ್ಲಿ ಸಮಾನವಾಗಿ ಬಾಯಿಬಿಟ್ಟು ಸಾಕ್ಷಿ ನುಡಿದಿವೆ.

ಇದಕ್ಕಿಂತ ಸುಲಭವಾದ ಇನ್ನೊಂದು ಅಳತೆ ಗುರಿಕಾರರಲ್ಲಿ ಬಹಳ ಬಳಕೆಯಲ್ಲಿದೆ. ಒಂದಕ್ಕೊಂದು ಅತಿ ದೂರದಲ್ಲಿರುವ ಎರಡು ರಂಧ್ರಗಳನ್ನು ಆರಿಸಿ, ಅವುಗಳ ನಡುವಿನಿಂದ ನಡುವಿಗೆ ಇರುವ ದೂರವನ್ನು ಅಳೆದರಾಯಿತು. ಮೇಲಿನ ಗುಂಪಿನಲ್ಲಿ ಅದು ಸುಮಾರು 6.1 ಅಂಗುಲ. ಒಂದು ಅಳತೆಪಟ್ಟಿ, ಅರ್ಧ ನಿಮಿಷ, ಕೆಲಸ ಮುಗಿಯಿತು. ಆದರೆ ಇಲ್ಲಿ ಮಾತನಾಡಿದವು ಎರಡೇ ಗುಂಡುಗಳು; ಉಳಿದ ಮೂರು ಬಾಯಿಮುಚ್ಚಿ ಕುಳಿತಿವೆ. ಅದಕ್ಕಿಂತ ದೊಡ್ಡ ಅಪಾಯವು ಆ ಐದನೆಯ ಗುಂಡಿನಲ್ಲಿದೆ. ಬಲಕ್ಕೆ ದೂರ ಹೋಗಿರುವ ಅದನ್ನು ಕಂಡೊಡನೆ ಗುರಿಕಾರನ ಮನಸ್ಸು ಪಿಸುಗುಟ್ಟುತ್ತದೆ: "ಅದು ಕೋವಿಯ ತಪ್ಪಲ್ಲ, ನನ್ನ ಕೈ ನಡುಗಿತು, ಅದನ್ನು ಬಿಟ್ಟುಬಿಡೋಣ." ಬಿಟ್ಟರೆ 6.1 ಅಂಗುಲದ ಗುಂಪು ಥಟ್ಟನೆ 4.1 ಅಂಗುಲಕ್ಕೆ ಇಳಿಯುತ್ತದೆ. ಕೋವಿಯು ಹಾಗೆಯೇ ಇದೆ. ಸುಧಾರಿಸಿದ್ದು ಕಾಗದ ಮಾತ್ರ.

ಹಾಗಾದರೆ ಕೈ ನಡುಗುವುದೇ ಇಲ್ಲವೇ? ನಡುಗುತ್ತದೆ. ಅದಕ್ಕಾಗಿಯೇ ಹಳಬರು ಒಂದು ಶಿಸ್ತನ್ನು ರೂಢಿಸಿಕೊಂಡಿದ್ದಾರೆ. ಕುದುರೆ ಎಳೆದ ಕ್ಷಣದಲ್ಲಿ, ಗುರಿಹಲಗೆ ಮೇಲೇರುವುದಕ್ಕೆ ಮೊದಲೇ, ತನ್ನ ಗುಂಡು ಎಲ್ಲಿ ಬಿದ್ದಿರಬೇಕೆಂದು ಗುರಿಕಾರನು ಹೇಳಿಬಿಡಬೇಕು ಅಥವಾ ಬರೆದಿಡಬೇಕು. 'ಬಲಕ್ಕೆ ಜಾರಿತು' ಎಂದು ಮೊದಲೇ ನುಡಿದಿದ್ದರೆ ಅದು ಒಪ್ಪಬಹುದಾದ ಸಾಕ್ಷಿ. ಫಲವನ್ನು ಕಂಡ ಮೇಲೆ ಹೇಳಿದ ಕಾರಣವು ಸಾಕ್ಷಿಯಲ್ಲ, ಸಬೂಬು.

ಇನ್ನು ತರುಣನ ಮೂರು ಗುಂಡಿನ ಕಾಗದದ ವಿಚಾರ. ಮೂರು ಗುಂಡುಗಳ ಗುಂಪು ಚಿಕ್ಕದಾಗಿರುವುದು ಸ್ವಾಭಾವಿಕ. ಹತ್ತು ಗುಂಡುಗಳ ಗುಂಪು ದೊಡ್ಡದಾಗಿರುವುದೂ ಸ್ವಾಭಾವಿಕ. ಅಂಗಳದಲ್ಲಿ ಮಗುವು ಎರಚಿದ ಕಾಳುಗಳು ಹೆಚ್ಚಾದಷ್ಟೂ ಒಂದಾದರೂ ಕಾಳು ದೂರಕ್ಕೆ ಸಿಡಿಯುವ ಸಂಭವ ಹೆಚ್ಚು. ಗಣಿತಜ್ಞರು ಇದನ್ನು ನಿಖರವಾಗಿ ಲೆಕ್ಕ ಹಾಕಿದ್ದಾರೆ. ಐದು ಗುಂಡುಗಳ ಗುಂಪು ಸರಾಸರಿ 1 ಅಂಗುಲ ಬರುವ ಕೋವಿಯಲ್ಲಿ ಮೂರು ಗುಂಡುಗಳ ಗುಂಪು ಸರಾಸರಿ 0.78 ಅಂಗುಲ ಬರುತ್ತದೆ. ಹತ್ತು ಗುಂಡುಗಳದು 1.24 ಅಂಗುಲ. ಮೂರೂ ಒಂದೇ ಕೋವಿಯ ಮಾತುಗಳು. ಅಷ್ಟೇ ಅಲ್ಲ, ಅದೇ ಕೋವಿ, ಅದೇ ತೋಟಾ, ಅದೇ ಕೈ ಇದ್ದರೂ ಐದು ಗುಂಡುಗಳ ಗುಂಪು ಒಮ್ಮೆ ಮುಕ್ಕಾಲು ಅಂಗುಲವಾಗಬಹುದು, ಇನ್ನೊಮ್ಮೆ ಒಂದೂಕಾಲು ಅಂಗುಲವಾಗಬಹುದು, ಕೇವಲ ಆಕಸ್ಮಿಕದಿಂದಲೇ. ಇದನ್ನರಿಯದವನು ಮುಕ್ಕಾಲು ಅಂಗುಲ ಬಂದ ದಿನ ಹೊಸ ತೋಟಾವನ್ನು ಹೊಗಳುತ್ತಾನೆ, ಒಂದೂಕಾಲು ಬಂದ ದಿನ ಕೋವಿ ಮಾಡಿದವನನ್ನು ಬೈಯುತ್ತಾನೆ. ಇಪ್ಪತ್ತು ಗುಂಪುಗಳಲ್ಲಿ ಅತಿ ಚಿಕ್ಕದನ್ನು ಆರಿಸಿ ಕೈಚೀಲದಲ್ಲಿಟ್ಟುಕೊಂಡವನಂತೂ ಮದುವೆಯ ಮನೆಗೆ ತನ್ನ ಹದಿನೆಂಟನೆಯ ವಯಸ್ಸಿನ ಭಾವಚಿತ್ರವನ್ನು ಕಳುಹಿಸಿದ ಹಳೆಯ ವರನಂತೆ!

ಇದೆಲ್ಲ ಬರಿಯ ಲೆಕ್ಕದ ಸೂಕ್ಷ್ಮವೆಂದು ಕೆಲವರಿಗೆ ತೋರಬಹುದು. ಹಾಗಲ್ಲವೆಂಬುದು ಸ್ಟಿಕಲ್‌ಡೌನ್ ಬಯಲಿನಲ್ಲಿ, 1000 ಗಜಗಳ ಗೆರೆಯ ಮೇಲೆ ತಿಳಿಯುತ್ತದೆ.

ಗುರಿಕಾರರು ಹರವನ್ನು ಕೋನದಿಂದ ಎಣಿಸುತ್ತಾರೆ. ಒಂದು ಡಿಗ್ರಿಯನ್ನು ಅರುವತ್ತು ಪಾಲು ಮಾಡಿದರೆ ಒಂದು ಪಾಲು 'ಮಿನಿಟು'. ಅದು 100 ಗಜದಲ್ಲಿ ಒಂದಂಗುಲಕ್ಕಿಂತ ತುಸು ಹೆಚ್ಚು; 1000 ಗಜದಲ್ಲಿ ಹತ್ತೂವರೆ ಅಂಗುಲ. ಅಲ್ಲಿ ಪೂರ್ಣ ಐದು ಅಂಕ ತರುವ ನಡುವಣ ವೃತ್ತದ ಅಗಲ ಎರಡು ಅಡಿ. ಕೋವಿಯೂ ಗುರಿಕಾರನೂ ಕೂಡಿ ಒಂದೂವರೆ ಮಿನಿಟಿನ ಗುಂಪನ್ನು ಹಿಡಿಯಬಲ್ಲರೆಂದರೆ ಆ ಗುಂಪೇ ಸುಮಾರು ಹದಿನಾರು ಅಂಗುಲ ಜಾಗವನ್ನು ತೆಗೆದುಕೊಳ್ಳುತ್ತದೆ. ಎರಡು ಪಕ್ಕಕ್ಕೂ ಉಳಿಯುವುದು ನಾಲ್ಕು ನಾಲ್ಕು ಅಂಗುಲ. ಅಡ್ಡಗಾಳಿಯ ವೇಗವು ಗಂಟೆಗೆ ಒಂದೇ ಮೈಲಿ ಹೆಚ್ಚಿದರೆ ಸಾಕು, ಗುಂಡು ಎಂಟೊಂಬತ್ತು ಅಂಗುಲ ಪಕ್ಕಕ್ಕೆ ಸರಿಯುತ್ತದೆ. ಆದುದರಿಂದ ಗುರಿಕಾರನ ಒಂದು ಕಣ್ಣು ಯಾವಾಗಲೂ ಬಾವುಟಗಳ ಮೇಲೆ.

ಈಗ ಅವನ ಗುಂಡು ನಡುವಿನಿಂದ ಏಳಂಗುಲ ಬಲಕ್ಕೆ ಬಿದ್ದಿತೆನ್ನೋಣ. ಬಿಲ್ಲೆ ಅಲ್ಲಿ ಹೊಳೆಯುತ್ತಿದೆ. ಇದು ಗಾಳಿಯ ಕೆಲಸವೇ, ಅಥವಾ ಗುಂಪಿನ ಸಹಜವಾದ ಹರವೇ? ಗಾಳಿಯಾದರೆ ದೃಷ್ಟಿಸಾಧನವನ್ನು ಎಡಕ್ಕೆ ತಿರುಗಿಸಬೇಕು. ಸಹಜವಾದ ಹರವಾದರೆ ಮುಟ್ಟಲೇಬಾರದು. ಪ್ರತಿಯೊಂದು ಗುಂಡಿನ ತಪ್ಪನ್ನೂ ಮರುಗುಂಡಿನಲ್ಲಿ ಪೂರ್ತಿಯಾಗಿ ತಿದ್ದಲು ಹೊರಟವನು ಏನಾಗುತ್ತಾನೆಂಬುದನ್ನೂ ಗಣಿತವು ಹೇಳುತ್ತದೆ: ಅವನ ಹರವು ಕಡಿಮೆಯಾಗುವುದಿಲ್ಲ, ಸುಮಾರು ಒಂದೂವರೆ ಪಟ್ಟಿಗೆ, ಸರಿಯಾಗಿ ಹೇಳುವುದಾದರೆ 1.4 ಪಟ್ಟಿಗೆ ಏರುತ್ತದೆ. ಆಕಸ್ಮಿಕವಾದ ತಪ್ಪಿನ ಬೆನ್ನಟ್ಟಿದವನು ತನ್ನ ಕೈಯಾರೆ ಇನ್ನೊಂದು ತಪ್ಪನ್ನು ಅದಕ್ಕೆ ಸೇರಿಸುತ್ತಾನೆ. ಕೈಚೀಲದ ಅರ್ಧ ಅಂಗುಲದ ಕಾಗದವನ್ನು ನಂಬಿದ ತರುಣನು ಇಲ್ಲಿ ಸೋಲುತ್ತಾನೆ. ತನ್ನ ಕೋವಿ ಅಷ್ಟು ನಿಖರವೆಂದು ನಂಬಿದುದರಿಂದ, ಏಳಂಗುಲದ ಪ್ರತಿಯೊಂದು ಚಲನೆಯೂ ಅವನಿಗೆ ಗಾಳಿಯ ಸಂಚಾಗಿಯೇ ಕಾಣುತ್ತದೆ. ಅವನು ತಿರುಪನ್ನು ತಿರುಗಿಸುತ್ತಲೇ ಇರುತ್ತಾನೆ, ಅಂಕಗಳು ಸೋರಿಹೋಗುತ್ತಲೇ ಇರುತ್ತವೆ. ವರ್ಷವೆಲ್ಲ ತನ್ನ ಎಲ್ಲ ಗುಂಡುಗಳನ್ನೂ, ಒಳ್ಳೆಯದನ್ನೂ ಕೆಟ್ಟದ್ದನ್ನೂ, ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಂಡವನು ಮಾತ್ರ ಬಾವುಟವನ್ನು ನೋಡಿ, ಅದು ಕದಲಿಲ್ಲವೆಂದು ಕಂಡು, "ಇದು ನನ್ನ ಕೋವಿಯ ಸ್ವಭಾವ" ಎಂದುಕೊಂಡು, ಏನನ್ನೂ ಮುಟ್ಟದೆ ಮುಂದಿನ ಗುಂಡನ್ನು ಹಾರಿಸುತ್ತಾನೆ. ಯಾವ ತಪ್ಪಿಗೆ ಓಗೊಡಬೇಕು, ಯಾವುದಕ್ಕೆ ಓಗೊಡಬಾರದು ಎಂಬ ವಿವೇಕವು ಪ್ರಾಮಾಣಿಕವಾದ ಅಳತೆಯಿಂದಲ್ಲದೆ ಬೇರೆ ದಾರಿಯಿಂದ ಬರುವುದಿಲ್ಲ.

ಈ ವಿವೇಕಕ್ಕೆ ಅತ್ಯಂತ ಕಠಿಣವಾದ ಪರೀಕ್ಷೆಯೆಂದರೆ ರಾಜನ ಬಹುಮಾನದ ಅಂತಿಮ ಘಟ್ಟ. 1860ರಲ್ಲಿ ವಿಕ್ಟೋರಿಯಾ ರಾಣಿಯು 250 ಪೌಂಡುಗಳನ್ನಿತ್ತು ಆರಂಭಿಸಿದ ಈ ಸ್ಪರ್ಧೆಯು ರಾಣಿಯ ಆಳ್ವಿಕೆಯಲ್ಲಿ ರಾಣಿಯ ಬಹುಮಾನವಾಗಿಯೂ, ರಾಜನ ಆಳ್ವಿಕೆಯಲ್ಲಿ ರಾಜನ ಬಹುಮಾನವಾಗಿಯೂ ಕರೆಯಿಸಿಕೊಳ್ಳುತ್ತದೆ. ಅಂತಿಮ ಘಟ್ಟದ ಗುಂಡುಗಳು 900 ಮತ್ತು 1000 ಗಜಗಳಿಂದ ಹಾರುತ್ತವೆ. ಗೆದ್ದವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ವಾದ್ಯಮೇಳದೊಡನೆ ಹೆಗಲ ಮೇಲೆ ಹೊತ್ತು ಮೆರೆಸುವುದು ಸಂಪ್ರದಾಯ. ಎಪ್ಪತ್ತು ವರ್ಷಗಳ ಕಾಲ ಆ ಕುರ್ಚಿಯೇರಿದವರೆಲ್ಲ ಪುರುಷರು. 1930ರಲ್ಲಿ ಮಾರ್ಜರಿ ಫಾಸ್ಟರ್ ಎಂಬ ಮಹಿಳೆ ಆ ಸಾಲನ್ನು ಮುರಿದಳು. ಜೀವನೋಪಾಯಕ್ಕಾಗಿ ಕೋಳಿ ಸಾಕುತ್ತಿದ್ದ ಆಕೆ, ಸೈನಿಕರೂ ಸೇರಿದ್ದ ಸ್ಪರ್ಧಿಗಳ ನಡುವೆ ಮಲಗಿ, ಗುಂಡಿಗೆ ಗುಂಡು ಸೇರಿಸುತ್ತ ಹೋಗಿ, ಕೊನೆಗೆ ಒಂದೇ ಒಂದು ಅಂಕದ ಅಂತರದಿಂದ ಗೆದ್ದಳು. ಒಂದು ಅಂಕ! ಉದ್ವೇಗದಿಂದ ಒಮ್ಮೆ ಅನಾವಶ್ಯಕವಾಗಿ ತಿರುಪು ತಿರುಗಿಸಿದ್ದರೂ ಅದು ಕೈಜಾರುತ್ತಿತ್ತು. ಇನ್ನೊಬ್ಬ ಮಹಿಳೆ ಆ ಬಹುಮಾನವನ್ನು ಗೆಲ್ಲುವುದಕ್ಕೆ 2000ನೆಯ ಇಸವಿಯವರೆಗೆ ಕಾಯಬೇಕಾಯಿತು.

ಬಿಸ್ಲಿಯಲ್ಲಿ ಕನ್ನಡಿಗರ ಕಣ್ಣು ಥಟ್ಟನೆ ನಿಲ್ಲುವ ಹೆಸರೊಂದಿದೆ: ಕೊಲ್ಲಾಪುರ ಬಟ್ಟಲು. ಬೆಳಗಾವಿಯ ನೆರೆಯಲ್ಲಿರುವ, ಮಹಾಲಕ್ಷ್ಮಿಯ ದರ್ಶನಕ್ಕಾಗಿ ಅಸಂಖ್ಯಾತ ಕನ್ನಡ ಕುಟುಂಬಗಳು ಹೋಗಿಬರುವ ಕೊಲ್ಲಾಪುರವೇ ಅದು. ಕೊಲ್ಲಾಪುರದ ರಾಜರು ನೀಡಿದ ಈ ಬಟ್ಟಲಿಗಾಗಿ 1871ರಲ್ಲಿ ಸ್ಪರ್ಧೆ ಮೊದಲಾಯಿತು. ಅದರ ಹಿಂದಿನ ವರ್ಷ ಇಂಗ್ಲೆಂಡನ್ನು ಸಂದರ್ಶಿಸಿದ ತರುಣ ರಾಜ ರಾಜಾರಾಮನು ಹಿಂದಿರುಗುವ ದಾರಿಯಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ತೀರಿಕೊಂಡನು. ತನ್ನ ಊರಿನ ಹೆಸರು ಪರದೇಶದ ಬಯಲಿನಲ್ಲಿ ವರ್ಷ ವರ್ಷವೂ ಮೊಳಗುವುದನ್ನು ಅವನು ಕೇಳಲಿಲ್ಲ. ಬೇರೆ ಬೇರೆ ದೇಶಗಳ ತಂಡಗಳು ಇಂದಿಗೂ ಈ ಬಟ್ಟಲಿಗಾಗಿ ಸೆಣಸುತ್ತವೆ. ತಂಡಕ್ಕೆ ಎಂಟು ಮಂದಿ. 300, 500 ಮತ್ತು 600 ಗಜಗಳಿಂದ ಒಬ್ಬೊಬ್ಬರಿಗೂ ಹತ್ತು ಹತ್ತು ಗುಂಡುಗಳು. ಎಲ್ಲವೂ ಕೂಡಿ 240 ಗುಂಡುಗಳು, 1200 ಅಂಕಗಳು. ಎಂಟು ಮಂದಿಯಲ್ಲಿ ಒಬ್ಬನು ಎಷ್ಟೇ ಅದ್ಭುತವಾಗಿ ಹೊಡೆದರೂ, ಉಳಿದ ಏಳು ಮಂದಿಯ ಲೆಕ್ಕ ಸೇರದೆ ಬಟ್ಟಲು ಸಿಗುವುದಿಲ್ಲ. ಅತ್ಯುತ್ತಮವಾದ ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಮರೆಯುವಂತಿಲ್ಲವೆಂಬ ಈ ಬಯಲಿನ ನೀತಿಯನ್ನು ಕೊಲ್ಲಾಪುರದ ಬಟ್ಟಲು ತನ್ನದೇ ರೀತಿಯಲ್ಲಿ ಸಾರುತ್ತದೆ.

ಭಾರತದ ಹೆಸರು ಈ ಬಯಲಿನಲ್ಲಿ ಮತ್ತೊಮ್ಮೆ ಮೊಳಗಿದ್ದು 2002ರಲ್ಲಿ. ಆ ವರ್ಷ ಕಾಮನ್ವೆಲ್ತ್ ಕ್ರೀಡೆಗಳು ಮ್ಯಾಂಚೆಸ್ಟರಿನಲ್ಲಿ ನಡೆದರೂ ಗುರಿಗಾರಿಕೆಯ ಪಂದ್ಯಗಳು ಬಿಸ್ಲಿಯಲ್ಲಿ ಜರುಗಿದವು. ರೈಫಲ್ ಪಂದ್ಯಗಳಲ್ಲಿ ಅಂಜಲಿ ವೇದಪಾಠಕ್ ನಾಲ್ಕು ಚಿನ್ನದ ಪದಕಗಳನ್ನು ಗೆದ್ದರು. ರಾಣಿಯ ಒಂದು ಗುಂಡನ್ನು ಕಂಡು ಜನ ಹರ್ಷಿಸಿದ ಕಾಲದಿಂದ ಈ ಕಾಲದವರೆಗೆ ಕೋವಿಗಳು ಬದಲಾಗಿವೆ, ಗುರಿಹಲಗೆಗಳು ಬದಲಾಗಿವೆ, ಹೊಡೆಯುವ ಕೈಗಳೂ ಬದಲಾಗಿವೆ. ಎಲ್ಲ ಗುಂಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ನಿಯಮವೊಂದು ಮಾತ್ರ ಬದಲಾಗಿಲ್ಲ.

ಸಂಜೆಯಾಗುತ್ತಿದ್ದಂತೆ ಬಯಲಿನ ಚಟಚಟ ಶಬ್ದವು ಕ್ಷೀಣಿಸುತ್ತದೆ. ಕೆಂಪು ಬಾವುಟಗಳು ಇಳಿಯುತ್ತವೆ. ಕಂದಕದಲ್ಲಿದ್ದ ಆಳುಗಳು ಅಂಟಿನ ಡಬ್ಬಿಯನ್ನೂ ಕಾಗದದ ತೇಪೆಗಳನ್ನೂ ಹಿಡಿದು, ದಿನವೆಲ್ಲ ತೂರಿದ ರಂಧ್ರಗಳನ್ನು ಒಂದೊಂದಾಗಿ ಮುಚ್ಚುತ್ತಾರೆ. ನಾಳೆ ಬೆಳಿಗ್ಗೆ ಗುರಿಹಲಗೆಯು ಸಾರಿಸಿದ ಅಂಗಳದಂತೆ ಹೊಸದಾಗಿ ನಿಲ್ಲುತ್ತದೆ. ಅದರ ಮೇಲೆ ಯಾರ ಕೀರ್ತಿಯೂ ಇಲ್ಲ, ಯಾರ ತಪ್ಪೂ ಇಲ್ಲ.

ಜಗಲಿಯ ದೀಪದ ಕೆಳಗೆ ಬೆತ್ತದ ಕುರ್ಚಿಗಳು ಮತ್ತೆ ತುಂಬುತ್ತವೆ. ಬೆಳಿಗ್ಗೆ ಕಾಗದದ ಚೂರನ್ನು ತೋರಿಸಿದಂತಹ ತರುಣನೊಬ್ಬನು ಒಂದು ಮೂಲೆಯಲ್ಲಿ ಕುಳಿತು ಹೊಸದೊಂದು ಪುಸ್ತಕವನ್ನು ತೆರೆದಿರುತ್ತಾನೆ. ಈ ದಿನ ತಾನು ಹೊಡೆದ ಗುಂಡುಗಳನ್ನೆಲ್ಲ, ರಂಗೋಲಿಗೆ ಚುಕ್ಕಿಯಿಡುವ ಎಚ್ಚರದಿಂದ, ಒಂದೊಂದಾಗಿ ಗುರುತು ಹಾಕುತ್ತಾನೆ. ಬಲಕ್ಕೆ ದೂರ ಹಾರಿಹೋದ ಒಂದು ಗುಂಡಿನ ಬಳಿ ಬಂದಾಗ ಪೆನ್ಸಿಲು ಕ್ಷಣಕಾಲ ತಡೆಯುತ್ತದೆ. ಅನಂತರ ಅದೂ ತನ್ನ ಜಾಗದಲ್ಲಿ ಸ್ಪಷ್ಟವಾದ ಚುಕ್ಕಿಯಾಗಿ ಮೂಡುತ್ತದೆ. ಪಕ್ಕದ ಕುರ್ಚಿಯ ಹಿರಿಯರು ಅದನ್ನು ಓರೆಗಣ್ಣಿನಿಂದ ನೋಡಿ, ಏನೂ ಹೇಳದೆ, ಚಹಾದ ಬಟ್ಟಲನ್ನು ಅವನತ್ತ ಸರಿಸುತ್ತಾರೆ.